ಸಹಾಯ ಬೇಕು: ಕಿಲೋಮೀಟರ್ ಆಗಿಲ್ಲ, ವರ್ಷ ದಾಟಿದೆ, ಆಯಿಲ್ ಚೇಂಜ್ ಮಾಡಿಸ್ಬೇಕಾ?

ನಮಸ್ಕಾರ ಎಲ್ರಿಗೂ, ನಂದು 2017ರ ಪೆಟ್ರೋಲ್ ವ್ಯಾಗನ್ ಆರ್, ಇಂಜಿನ್ ಆಯಿಲ್ ಹಾಕ್ಸಿ 14 ತಿಂಗ್ಳಾಯ್ತು ಆದ್ರೆ ಓಡಿರೋದು ಬರೀ 4,200 ಕಿ.ಮೀ., ಅದೂ ಬೆಂಗ್ಳೂರ್ ಟ್ರಾಫಿಕ್ಕಲ್ಲಿ ಮಗಳ ಸ್ಕೂಲು, ಮಾರ್ಕೆಟ್ಟು ಅಂತ 3-4 ಕಿ.ಮೀ. ಹೋಗಿ ಆಫ್ ಮಾಡೋದು. ಬುಕ್ಕಲ್ಲಿ 10,000 ಕಿ.ಮೀ. ಇಲ್ಲಾ 1 ವರ್ಷ, ಯಾವ್ದು ಮೊದ್ಲೋ ಅದು ಅಂತಿದೆ. ಮೆಕ್ಯಾನಿಕ್ಕು ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡೋ ಕಡ್ಡಿ) ಎಳೆದು "ಕಪ್ಪಾಗಿದೆ ಸಾರ್, ಇವತ್ತೇ ಮಾಡ್ಸಿ" ಅಂದ, ನಮ್ ಭಾವ ನೋಡಿದ್ರೆ ಕೊಳೆ ಎಳ್ಕೊಳೋದೇ ಆಯಿಲ್ ಕೆಲ್ಸ, ಕಪ್ಪಾಗೇ ಆಗುತ್ತೆ, ಲೆವೆಲ್ ಇದ್ರೆ ಸಾಕು ಅಂತಾರೆ. ಲೆವೆಲ್ ಎರಡು ಗುರುತಿನ ಮಧ್ಯ ಇದೆ, ನಾನೇ ನೋಡ್ದೆ (ಒರೆಸಿದ್ದು ಹೊಸ ಟವಲ್ಲು, ಮನೇಲಿ ಬೈಸ್ಕೊಂಡೆ). ಆದ್ರೆ ಚಿಕ್ಕ ಓಡಾಟದಲ್ಲಿ ಇಂಜಿನ್ ಪೂರ್ತಿ ಬಿಸಿ ಆಗ್ದೆ ಆಯಿಲ್ಗೆ ನೀರಂಶ, ಪೆಟ್ರೋಲ್ ಸೇರುತ್ತಂತಲ್ಲ, ಅದೇ ಭಯ. ಕಮ್ಮಿ ಓಡ್ಸೋರು ಹೆಂಗ್ ಲೆಕ್ಕ ಇಟ್ಕೋತೀರಾ? ಆಯಿಲ್ ಫಿಲ್ಟರ್ರೂ ಜೊತೆಗೇ ಹಾಕಿಸ್ಬೇಕಾ?