ವಾರದ ಗಂಟೆಗಳನ್ನು ಒಂದೇ ಸಲ ತುಂಬಿದರೆ ತಪ್ಪೇನು?

ಗಡಿಯಾರ_ಗುಂಡ: ಟೈಮ್‌ಶೀಟಿಗೆ ದಿನಾ ಒಂದೊಂದೇ ಟಾಸ್ಕ್ ತೆರೆದು, ಗಂಟೆ ಬರೆದು, ಸೇವ್ ಒತ್ತಿ, ಮತ್ತೆ ಮುಂದಿನದು ತೆರೆಯುವುದು... ನಮ್ಮ ಟೀಮಿನಲ್ಲಿ ಈ ಗೋಳು ಬಿಟ್ಟೆವು. ಈಗ ಶುಕ್ರವಾರ ಸಂಜೆ ಒಂದೇ ಎಕ್ಸೆಲ್ ಶೀಟ್. ಒಂದು ಕಾಲಮ್ಮಿನಲ್ಲಿ ಎಸ್ಟಿಮೇಟ್ (ಮೊದಲೇ ಅಂದಾಜು ಮಾಡಿದ ಗಂಟೆ), ಪಕ್ಕದಲ್ಲಿ ನಿಜವಾಗಿ ಹಿಡಿದ ಗಂಟೆ. ಉದಾಹರಣೆಗೆ ಲಾಗಿನ್ ಪುಟ: ಎಸ್ಟಿಮೇಟ್ 5, ಹಿಡಿದದ್ದು 7.30. ಎಲ್ಲರದ್ದೂ ಸೇರಿಸಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಪಠ್ಯ ಫೈಲು) ಮಾಡಿ, ಟೀಮಿನ ಕೆಲಸಗಳ ಲೆಕ್ಕ ಇಡುವ ಜಿರಾ ಸಾಫ್ಟ್‌ವೇರಿಗೆ ಹಾಕುತ್ತೇವೆ. ದಿನಾ ತುಂಬಲೇಬೇಕು ಅನ್ನುವವರು ಯಾಕೆ ಅಂತ ಹೇಳಲಿ ನೋಡೋಣ.

ಬಿಲ್ಲಿಂಗ್_ಅಕ್ಕ: "ನಿಜವಾಗಿ ಹಿಡಿದ ಗಂಟೆ" ಅಂತೆ! ಸೋಮವಾರ ಬೆಳಿಗ್ಗೆ ಮಾಡಿದ್ದು ಶುಕ್ರವಾರ ಸಂಜೆ ಯಾರಿಗೆ ನೆನಪಿರುತ್ತದೆ? ಪಕ್ಕದಲ್ಲೇ ಎಸ್ಟಿಮೇಟ್ 6 ಅಂತ ಕಾಣುತ್ತಿದ್ದರೆ ಕೈ ತಾನಾಗೇ 6 ಬರೆಯುತ್ತದೆ. ಇಂಥ ಶೀಟು ಬೇಕಾದಷ್ಟು ನೋಡಿದ್ದೇನೆ, ಎಲ್ಲರದ್ದೂ ವಾರಕ್ಕೆ ಸರಿಯಾಗಿ 40. ಒಬ್ಬರಿಗೂ ತಲೆನೋವು ಬಂದಿಲ್ಲ, ಒಂದು ಮೀಟಿಂಗೂ ಎಳೆದಿಲ್ಲ.

ಸೋಮವಾರದ_ಶತ್ರು: 40 ದಿನಾ ತುಂಬಿದರೂ ಬರುತ್ತದೆ ಮೇಡಂ, ಯಾಕಂದರೆ 8ಕ್ಕಿಂತ ಕಡಿಮೆ ಬರೆದರೆ ಮ್ಯಾನೇಜರ್ ಕರೆಯುತ್ತಾರೆ. ತಪ್ಪಿರುವುದು ಎಸ್ಟಿಮೇಟಿನಲ್ಲೇ. ಕೆಲಸಕ್ಕೆ ಹಿಡಿಯುವ ಸಮಯವನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಇದಕ್ಕೆ ಹೆಸರಿಟ್ಟಿದ್ದಾರೆ, ಪ್ಲಾನಿಂಗ್ ಫ್ಯಾಲಸಿ ಅಂತ. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ಪ್ರಬಂಧ ಮುಗಿಸಲು ಸರಾಸರಿ 33.9 ದಿನ ಸಾಕು ಅಂದಿದ್ದರು. ಹಿಡಿದದ್ದು 55.5 ದಿನ.

ಬಿಲ್ಲಿಂಗ್_ಅಕ್ಕ: ವಿದ್ಯಾರ್ಥಿಗಳ ಪ್ರಬಂಧಕ್ಕೂ ಗ್ರಾಹಕನಿಗೆ ಕಳಿಸುವ ಬಿಲ್ಲಿಗೂ ಏನು ಸಂಬಂಧ? ಎಸ್ಟಿಮೇಟ್ ತಪ್ಪಲಿ ಬಿಡಿ, ಎಷ್ಟು ತಪ್ಪಿತು ಅಂತ ಗೊತ್ತಾಗಬೇಕಾದರೆ ಇನ್ನೊಂದು ಕಾಲಮ್ ಆದರೂ ಸರಿ ಇರಬೇಕಲ್ವಾ?

ಕಾಲಂ_ಕಾಳಿಂಗ: ಎಲ್ಲಾ ಇರಲಿ. ಗುಂಡಣ್ಣ, ನಿಮ್ಮ ಶೀಟಿನ 7.30 ಅಂದರೆ ಏಳೂವರೆ ಗಂಟೆಯೋ, ಏಳು ಗಂಟೆ ಹದಿನೆಂಟು ನಿಮಿಷವೋ?

ಗಡಿಯಾರ_ಗುಂಡ: ಏಳೂವರೆ. ಮಗುವಿಗೂ ಗೊತ್ತಾಗುತ್ತದೆ.

ಕಾಲಂ_ಕಾಳಿಂಗ: ಮಗುವಿಗೆ ಗೊತ್ತಾಗುತ್ತದೆ, ಎಕ್ಸೆಲ್‌ಗೆ ಗೊತ್ತಾಗುವುದಿಲ್ಲ. 0.30 ಗಂಟೆ ಅಂದರೆ 18 ನಿಮಿಷ. ಸಾಲಿಗೆ 12 ನಿಮಿಷ ಮಾಯ. ಇಂಥ 50 ಸಾಲಿದ್ದರೆ 10 ಗಂಟೆ ಗೋವಿಂದ.

ಸೋಮವಾರದ_ಶತ್ರು: 7:30 ಅಂತ ಬರೆದರೆ ಮುಗೀತಲ್ವಾ, ಇದಕ್ಕೆ ಇಷ್ಟು ರಾಮಾಯಣವಾ?

ಕಾಲಂ_ಕಾಳಿಂಗ: ಮುಗಿಯುವುದಿಲ್ಲ, ಅಲ್ಲಿಂದಲೇ ಶುರು. ಎಕ್ಸೆಲ್ ಒಳಗೆ 7:30 ಅಂದರೆ ಒಂದು ದಿನದ ಭಾಗ, 0.3125. ಐದು ದಿನದ್ದು ಕೂಡಿಸಿದರೆ 37:30 ಬರಬೇಕು, ಫಾರ್ಮ್ಯಾಟ್ ಬದಲಿಸದಿದ್ದರೆ 13:30 ತೋರಿಸುತ್ತದೆ. 24 ಗಂಟೆ ನುಂಗಿ ನೀರು ಕುಡಿದಿರುತ್ತದೆ. ಜಿರಾ ಇನ್ನೊಂದು ಕಡೆ: ಅದರಲ್ಲಿ ಒಂದು ದಿನ ಅಂದರೆ, ಸೆಟ್ಟಿಂಗ್ ಮುಟ್ಟದಿದ್ದರೆ, 8 ಗಂಟೆ. ಸಿಎಸ್‌ವಿಯಲ್ಲಿ ಅದು ಕೇಳುವುದಂತೂ ಸೆಕೆಂಡು. ಏಳೂವರೆ ಗಂಟೆಗೆ 27,000.

ಪಲ್ಯದ_ಪಕ್ಕ_ಪಾಯಿಂಟ್: ಮಧ್ಯೆ ಬಾಯಿ ಹಾಕುತ್ತೇನೆ. ಶುಕ್ರವಾರದವರೆಗೆ ಯಾರೂ ತುಂಬದಿದ್ದರೆ ಬರ್ನ್‌ಡೌನ್ ಚಾರ್ಟ್ (ಉಳಿದ ಕೆಲಸ ದಿನಾ ಎಷ್ಟು ಇಳಿಯಿತು ಅಂತ ತೋರಿಸುವ ಗೆರೆ) ನಾಲ್ಕು ದಿನ ಸಪಾಟು, ಐದನೇ ದಿನ ಒಮ್ಮೆಲೇ ಪ್ರಪಾತ. ಉಳಿದ ಗಂಟೆ ಎಷ್ಟು ಅಂತ ಬುಧವಾರ ಕೇಳಿದರೆ ಹೇಳುವವರೇ ಇಲ್ಲ. ಕೆಲಸ ಜಾರುತ್ತಿದೆ ಅಂತ ಗೊತ್ತಾಗುವುದು ಜಾರಿದ ಮೇಲೆ. ಇದರ ಬಗ್ಗೆ ಯಾರಾದರೂ ಮಾತಾಡುತ್ತೀರಾ?

ಗಡಿಯಾರ_ಗುಂಡ: ಕಾಳಿಂಗ ಅವರೇ, "10 ಗಂಟೆ ಗೋವಿಂದ" ಅಂತ ಹೇಳಿದಿರಲ್ಲ, ನನ್ನ ಶೀಟು ನೋಡಿದ್ದೀರಾ? ಸುಮ್ನೆ ಊಹೆ. ಎರಡು ವರ್ಷದಿಂದ ನಡೆಯುತ್ತಿದೆ, ಒಬ್ಬರೂ ದೂರು ಹೇಳಿಲ್ಲ.

ಬಿಲ್ಲಿಂಗ್_ಅಕ್ಕ: ಎರಡು ವರ್ಷ! ಹಾಗಾದರೆ ಎರಡು ವರ್ಷದಿಂದ ಗ್ರಾಹಕನಿಗೆ ಪ್ರತಿ ಏಳೂವರೆಗೂ ಹನ್ನೆರಡು ನಿಮಿಷ ಪುಕ್ಕಟೆ. ಅವರ್ಯಾಕೆ ದೂರು ಹೇಳುತ್ತಾರೆ?

ಗಡಿಯಾರ_ಗುಂಡ: ನಿಮ್ಮಂಥವರಿಂದಲೇ ಜನ ಟೈಮ್‌ಶೀಟ್ ಅಂದರೆ ಓಡುವುದು. ಹನ್ನೆರಡು ನಿಮಿಷಕ್ಕೆ ಲೆಕ್ಕ ಕೇಳುವವರು, ಈ ಥ್ರೆಡ್ಡಿನಲ್ಲಿ ಕಳೆದ ಗಂಟೆಗಳನ್ನು ಯಾವ ಟಾಸ್ಕಿಗೆ ಬರೆಯುತ್ತೀರಿ?

ಬಿಲ್ಲಿಂಗ್_ಅಕ್ಕ: "ಇತರೆ". ಇವತ್ತೇ ಬರೆಯುತ್ತೇನೆ, ಶುಕ್ರವಾರಕ್ಕೆ ಕಾಯುವುದಿಲ್ಲ.

ಸೋಮವಾರದ_ಶತ್ರು: ಅಕ್ಕನ ಒಂದು ಮಾತು ಮಾತ್ರ ಸರಿ ಇರಬಹುದು, ಎಸ್ಟಿಮೇಟ್ ಕಾಲಮ್ ತುಂಬುವಾಗ ಕಾಣಬಾರದು. ಉಳಿದದ್ದೆಲ್ಲಾ ಒಪ್ಪುವುದಿಲ್ಲ.

ಗಡಿಯಾರ_ಗುಂಡ: ಎಸ್ಟಿಮೇಟ್ ಕಾಲಮ್ ನಾನು ಆಗಲೇ ಹೈಡ್ ಮಾಡಿದ್ದೇನೆ. ಅದು ಸ್ಕ್ರೀನಿನಲ್ಲಿ ಜಾಗ ಸಾಲದ್ದಕ್ಕೆ, ಯಾರ ಮಾತಿಗೂ ಅಲ್ಲ. ಇನ್ನು ಮೇಲೆ ಗಂಟೆಯ ಬದಲು ನಿಮಿಷ ಬರೆಸುತ್ತೇನೆ. ಅದೂ ಮೊದಲೇ ಯೋಚಿಸಿದ್ದೇ.

ಕಾಲಂ_ಕಾಳಿಂಗ: ಏಳೂವರೆ ಗಂಟೆಗೆ 450 ನಿಮಿಷ ಅಂತ ಬರೆಯಬೇಕಾದಲ್ಲಿ ಯಾರೋ 730 ಬರೆಯುತ್ತಾರೆ, ನೋಡ್ತಾ ಇರಿ.