ಪದ ಬೇಕು (ತುರ್ತು): ಮಕ್ಕಳ 'ಎಂಪತಿ'

ಅಂಗನವಾಡಿ ಗೋಡೆಗೆ ಹಾಕುವ ಚಾರ್ಟೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ತಲೆಬರಹದಲ್ಲೇ 'ಎಂಪತಿ' ಕೂತಿದೆ, ಅಂದರೆ ಇನ್ನೊಬ್ಬರಿಗೆ ಅನಿಸಿದ್ದು ನಮಗೂ ತಟ್ಟುವುದು. ಸಹಾನುಭೂತಿ ಅಂದರೆ ಸಿಂಪತಿ, ಬರೀ 'ಅಯ್ಯೋ ಪಾಪ' ಆಗುತ್ತದೆ, ಅಲ್ವಾ? ಒಳಗಿರುವುದು ಇಷ್ಟು: ಆಗಷ್ಟೇ ಹುಟ್ಟಿದ ಕೂಸು ಪಕ್ಕದ ಕೂಸು ಅತ್ತರೆ ತಾನೂ ಅಳುತ್ತದೆ. ವರ್ಷ ದಾಟಿದ ಮಗು, ಅಳುವ ಗೆಳೆಯನ ಅಮ್ಮ ಅಲ್ಲೇ ಇದ್ದರೂ, ತನ್ನ ಅಮ್ಮನನ್ನು ಎಳೆದು ತರುತ್ತದೆ. ಒಂದೂವರೆ ವರ್ಷಕ್ಕೆ ಎದುರಿನವರ ಇಷ್ಟವೇ ಬೇರೆ ಅಂತ ಗೊತ್ತಾಗುತ್ತದೆ. ಮೂರಕ್ಕೂ ಹೊಂದುವ ಒಂದೇ ಪದ ಬೇಕು.

---
> ಸಹಾನುಭೂತಿ ಅಂದರೆ ಸಿಂಪತಿ

ಪದದ ತಪ್ಪಲ್ಲ. ಸಂತಾಪ ಸಭೆಗಳಲ್ಲಿ ಸವೆದು ಹೋಗಿದೆ. 'ಪರಾನುಭೂತಿ' ಹಾಕಿ.

---
ತಾಯಂದಿರು ಪರಲೋಕದ ವಿಷಯ ಅಂದುಕೊಳ್ಳುತ್ತಾರೆ. ಸಂಸ್ಕೃತ ಸಾಕು ಸ್ವಾಮಿ. ಒಡನಾಡಿ, ಒಡಹುಟ್ಟು ಇದ್ದ ಹಾಗೆ 'ಒಡನೋವು'.

---
ಅನುಕಂಪ ಎಲ್ಲಿ ಹೋಯಿತು? ಕಂಪ ಅಂದರೆ ನಡುಕ, ಭೂಕಂಪದ ಕಂಪ. ಒಬ್ಬರು ನಡುಗಿದರೆ ಜೊತೆಗೇ ನಡುಗುವುದು. ಕೂಸಿನ ಅಳುವಿಗೆ ಹೇಳಿ ಮಾಡಿಸಿದ ಪದ.

---
ಅನುಕಂಪ ಅಂದರೆ ಅಪ್ಪ ಸತ್ತ ಮೇಲೆ ಮಗನಿಗೆ ಸಿಗುವ ಸರ್ಕಾರಿ ನೌಕರಿ. ಇಲ್ಲಾಂದರೆ ಚುನಾವಣೆಯ ಅಲೆ. ಬಿಡಿ.

'ಒಡನೋವು' ಕೂಡ ಆಗಲ್ಲ. ಮನಃಶಾಸ್ತ್ರಜ್ಞರಾದ ರೆಪಾಕೋಲಿ, ಗಾಪ್ನಿಕ್ 1997ರಲ್ಲಿ ಮಾಡಿದ ಪ್ರಯೋಗ ನೋಡಿ. ಪ್ರಯೋಗ ನಡೆಸುವಾಕೆ ಮಕ್ಕಳ ಎದುರು ಬಿಸ್ಕತ್ತು ತಿಂದು ಮುಖ ಸಿಂಡರಿಸಿದಳು, ಬ್ರೊಕೊಲಿ ತಿಂದು ಆಹಾ ಅಂದಳು. ಆಮೇಲೆ ಕೈ ಚಾಚಿದಳು. 14 ತಿಂಗಳ ಮಕ್ಕಳು ತಮಗಿಷ್ಟದ ಬಿಸ್ಕತ್ತನ್ನೇ ಕೊಟ್ಟವು. 18 ತಿಂಗಳ ಮಕ್ಕಳು ಬ್ರೊಕೊಲಿ ಕೊಟ್ಟವು. ಇದರಲ್ಲಿ ನೋವೆಲ್ಲಿದೆ? ಇನ್ನು ಆ ಮೊದಲ ಅಳು ಬರೀ ಸದ್ದಿಗೆ ಬೆಚ್ಚಿದ್ದು ಅಂತಲೂ ತಳ್ಳಿಹಾಕಬೇಡಿ. 1982ರಲ್ಲಿ ಮಾರ್ಟಿನ್ ಮತ್ತು ಕ್ಲಾರ್ಕ್ ಕೂಸುಗಳಿಗೆ ಅವುಗಳದೇ ಅಳುವಿನ ಟೇಪ್ ಹಾಕಿದರು. ಅದಕ್ಕೆ ಅಳು ಬರಲಿಲ್ಲ. ಬೇರೆ ಕೂಸಿನದು ಹಾಕಿದರೆ ಬಂತು.

---
ಸುಮ್ನೆ 'ಎಂಪತಿ' ಅಂತಲೇ ಬರೆಯಿರಿ. ಇಂಗ್ಲಿಷಿನವರಿಗೂ ಅದು ಅಜ್ಜನ ಆಸ್ತಿಯೇನಲ್ಲ. ಜರ್ಮನ್ನಿನ 'ಐನ್‌ಫ್ಯೂಲುಂಗ್' ಪದಕ್ಕೆ 1909ರಲ್ಲಿ ಮನಃಶಾಸ್ತ್ರಜ್ಞ ಟಿಚೆನರ್ ಗ್ರೀಕ್ ತುಂಡು ಜೋಡಿಸಿ ಹೊಲಿದದ್ದು.

---
ಅವರು ಹೊಲಿದುಕೊಂಡರು. ನೀವು ಅವರ ಅಂಗಿಯನ್ನೇ ತೊಡಿ ಅನ್ನುತ್ತಿದ್ದೀರಿ.

---
ಬಸ್ಸು ಹತ್ತುವಾಗ ನೆನಪಾಗಲ್ವಾ ಇದು?

---
ಜಗಳ ಬೇರೆ ಕಡೆ ಇಟ್ಟುಕೊಳ್ಳಿ. 'ಇನ್ನೊಬ್ಬರ ಮನಸ್ಸು ಮಗುವಿಗೆ ತಿಳಿಯುವ ಬಗೆ' ಅಂತ ಹಾಕುತ್ತಿದ್ದೇನೆ. ತಲೆಬರಹದ ಸಾಲಿನಲ್ಲಿ ಹಿಡಿಸುತ್ತದೆ.

---
ತಿಳಿಯುವುದೇ ಬೇರೆ, ಮರುಗುವುದೇ ಬೇರೆ. ಅಚ್ಚ ಕನ್ನಡದ 'ಮರುಕ' ಯಾರ ಬಾಯಲ್ಲೂ ಬರಲಿಲ್ಲವಲ್ಲ! ಅಂದಹಾಗೆ, ನಿಮ್ಮ 'ಮನಸ್ಸು' ಕೂಡ ಸಂಸ್ಕೃತದ್ದೇ.