ಎಡ-ಬಲ ಗೊತ್ತಾಗುತ್ತದೆ, ಹಿಂದೆ-ಮುಂದೆ ಯಾಕೆ ಗೊತ್ತಾಗಲ್ಲ?

ಹೊಸಕಿವಿ:
ಹತ್ತು-ಹನ್ನೆರಡಡಿ ರೂಮು. ಎರಡು ಬುಕ್‌ಶೆಲ್ಫ್ ಸ್ಪೀಕರ್, ಟಿವಿಯ ಅಕ್ಕಪಕ್ಕ, ಗೋಡೆಗೆ ಅಂಟಿಸಿದಂತೆ ಇಟ್ಟಿದ್ದೇನೆ. ಪಿಟೀಲು ಎಡಕ್ಕೆ, ಮೃದಂಗ ಬಲಕ್ಕೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಎಲ್ಲರೂ ಗೋಡೆಗೆ ಒರಗಿ ಒಂದೇ ಸಾಲಿನಲ್ಲಿ ಕೂತ ಹಾಗಿದೆ. ಗೆಳೆಯನ ಮನೆಯಲ್ಲಿ ಇದಕ್ಕಿಂತ ಅಗ್ಗದ ಸ್ಪೀಕರ್, ಅದರಲ್ಲಿ ಹಾಡುವವರು ಮುಂದೆ, ತಂಬೂರಿ ಹಿಂದೆ ಅಂತ ಸ್ಪಷ್ಟವಾಗಿ ಗೊತ್ತಾಯಿತು. ಆಂಪ್ಲಿಫೈಯರ್ ಬದಲಾಯಿಸಬೇಕಾ?

ಮೂಲೆಮನೆ:
ದುಡ್ಡು ಜೇಬಲ್ಲೇ ಇರಲಿ. ಸ್ಪೀಕರನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಎಳೆಯಿರಿ.

ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಗೋಡೆ ಒಂದು ಮೀಟರ್ ಹಿಂದಿದ್ದರೆ ಅದಕ್ಕೆ ಬಡಿದು ಬರುವ ಶಬ್ದ ಹೆಚ್ಚುಕಡಿಮೆ 6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅರ್ಧ ಅಡಿ ಇದ್ದರೆ ಒಂದು ಮಿಲಿಸೆಕೆಂಡೂ ಇಲ್ಲ. ಅಷ್ಟು ಬೇಗ ಬಂದದ್ದು ನೇರ ಶಬ್ದದ ಜೊತೆ ಕಲಸಿಹೋಗುತ್ತದೆ, ರೆಕಾರ್ಡಿಂಗ್‌ನಲ್ಲಿರುವ ಹಾಲ್‌ನ ಸಣ್ಣ ಸಣ್ಣ ಪ್ರತಿಧ್ವನಿಗಳು ಅದರಡಿ ಮುಚ್ಚಿಹೋಗುತ್ತವೆ, ಕಿವಿ ದೂರವನ್ನು ಅಳೆಯುವುದು ಬಹುಮಟ್ಟಿಗೆ ಅವುಗಳಿಂದಲೇ ಅಲ್ವಾ. ಮಧ್ಯೆ ಟಿವಿ ಬೇರೆ. ಕೇಳುವಾಗ ಅದರ ಮೇಲೆ ದಪ್ಪ ರಗ್ಗು ಹೊದಿಸಿ.

ಪಕ್ಕದ ಗೋಡೆಗೂ ಒಂದು ಉಪಾಯ ಇದೆ. ನೀವು ನಿಮ್ಮ ಜಾಗದಲ್ಲಿ ಕೂತಿರಿ, ಇನ್ನೊಬ್ಬರು ಗೋಡೆ ಉದ್ದಕ್ಕೂ ಕನ್ನಡಿ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಕಡೆಯೇ ಶಬ್ದ ಬಡಿದು ನಿಮ್ಮತ್ತ ಬರುವುದು, ಅಲ್ಲಿ ದಪ್ಪ ಪರದೆ ಅಥವಾ ಪುಸ್ತಕದ ಕಪಾಟು ಇಡಿ.

ಪಿಟೀಲುಪ್ರಿಯ:
ರೆಕಾರ್ಡಿಂಗನ್ನೂ ಸ್ವಲ್ಪ ಅನುಮಾನಿಸಿ. ನಮ್ಮ ಸಂಗೀತ ಕಚೇರಿಗಳಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್. ಆಮೇಲೆ ಮಿಕ್ಸರ್‌ನಲ್ಲಿ ನಾಬ್ ತಿರುಗಿಸಿ ಒಬ್ಬರನ್ನು ಎಡಕ್ಕೆ, ಒಬ್ಬರನ್ನು ಬಲಕ್ಕೆ ಕೂರಿಸುತ್ತಾರೆ. ಮೈಕ್ ಬಾಯಿಯ ಹತ್ತಿರವೇ ಇದ್ದರೆ ಹಾಲ್‌ನ ಸದ್ದು ಅದಕ್ಕೆ ಸಿಗುವುದೇ ಕಡಿಮೆ, ಆಳ ಎಲ್ಲಿಂದ ಬರಬೇಕು? ಮೇಲಿಂದ ಸುರಿದ ರಿವರ್ಬ್, ಅಂದರೆ ಕೃತಕ ಪ್ರತಿಧ್ವನಿ, ಎಲ್ಲರನ್ನೂ ಒಂದೇ ಬಚ್ಚಲುಮನೆಯಲ್ಲಿ ನಿಲ್ಲಿಸಿದ ಹಾಗಿರುತ್ತದೆ.

ಅಲನ್ ಬ್ಲುಮ್‌ಲೈನ್ 1931ರಲ್ಲಿ ಸ್ಟೀರಿಯೋ ಪೇಟೆಂಟಿಗೆ ಅರ್ಜಿ ಹಾಕಿದ ಇಂಗ್ಲೆಂಡಿನ ಎಂಜಿನಿಯರ್. ಅವನ ಹೆಸರಿನ ವಿಧಾನದಲ್ಲಿ ಎರಡೇ ಮೈಕ್, ಒಂದೇ ಜಾಗದಲ್ಲಿ, 90 ಡಿಗ್ರಿ ಕೋನದಲ್ಲಿ. ಹಿಂದಿನ ಸದ್ದನ್ನೂ ಹಿಡಿಯುತ್ತವೆ. ಅಂಥ ಜೋಡಿ ಮೈಕ್‌ನ ರೆಕಾರ್ಡಿಂಗ್ ಹುಡುಕಿ ಹಾಕಿ. ಅದರಲ್ಲೂ ಚಪ್ಪಟೆಯಾಗಿದ್ದರೆ ಆಗ ರೂಮನ್ನು ಬೈಯಿರಿ.

ಹೊಸಕಿವಿ:
ಸುಮ್ನೆ ನೋಡೋಣ ಅಂತ ಎಳೆದೆ. ತಂಬೂರಿ ನಿಜಕ್ಕೂ ಹಿಂದೆ ಸರಿದಿದೆ! ಆದರೆ ಬೇಸ್ ಕಮ್ಮಿಯಾಯಿತು, ಓಡಾಡಲು ಜಾಗವೂ ಇಲ್ಲ.

ಮೂಲೆಮನೆ:
ಆ ಬೇಸ್ ಗೋಡೆ ಕೊಡುತ್ತಿದ್ದದ್ದು. ನಾಲ್ಕು ದಿನ ಹೀಗೇ ಕೇಳಿ. ಆಮೇಲೂ ಸಾಲದು ಅನಿಸಿದರೆ ಅರ್ಧ ಅಡಿ ಹಿಂದಕ್ಕೆ ತಳ್ಳಿ. ಸರಿ ಅನಿಸಿದ ಕಡೆ ನೆಲಕ್ಕೆ ಟೇಪ್ ಅಂಟಿಸಿ ಗುರುತು ಮಾಡಿ, ಕೇಳುವಾಗ ಮಾತ್ರ ಅಲ್ಲಿಗೆ ತಂದರೆ ಸಾಕು.